ಹತ್ತಕ್ಕಿಂತ ಕಡಿಮೆ ಇದ್ದರೆ ಚುಕ್ಕಿ

ಆಸ್ಪತ್ರೆಯ ದಫ್ತರದಲ್ಲಿ ಅವಳಿಗೆ ಹೆಸರಿಲ್ಲ.
ಸೆಲ್ವಿಯ ಹೆಣ್ಣುಮಗು, ಅಷ್ಟೇ.
ರೇಷನ್ ಕಾರ್ಡಿನಲ್ಲಿ ತಾಯಿ ಶೆಲ್ವಿ.
ಶಾಲೆಗೆ ಸೇರಿಸುವ ದಿನ ಮೇಷ್ಟ್ರು
ಕೇಳಲು ಚೆನ್ನಾಗಿರಲೆಂದು ಚೆಲುವಿ ಎಂದು ಬರೆದುಕೊಂಡರು.
ವಿಳಾಸ ಈಜಿಪುರ, ನೀರಿನ ಟ್ಯಾಂಕಿನ ಹಿಂದೆ;
ಶೆಡ್ಡು ಒಡೆದ ಮೇಲೆ ಅದೂ ಸರ್ಜಾಪುರ ರಸ್ತೆ.

ಒಬ್ಬ ಹೆಂಗಸು ಮೂವರಾಗುವುದು ಎಷ್ಟು ಸಲೀಸು.
ಮೂವರನ್ನು ಮತ್ತೆ ಒಬ್ಬಳಾಗಿಸಲು
ನನಗೆ ಹತ್ತೊಂಬತ್ತು ತಿಂಗಳು.

ಕೇಳಿದ್ದು ದೊಡ್ಡದೇನಲ್ಲ:
ತೂಕ ಕಡಿಮೆ ಹುಟ್ಟಿದ ಹುಡುಗಿಯರು
ಎಷ್ಟನೇ ಕ್ಲಾಸಿನವರೆಗೆ ನಡೆಯುತ್ತಾರೆ.
ತೂಕ ಎರಡನೇ ಮಹಡಿಯಲ್ಲಿದೆ, ಕ್ಲಾಸು ಐದರಲ್ಲಿ, ಅಕ್ಕಿ ಏಳರಲ್ಲಿ.
ಒಂದೇ ಕಟ್ಟಡ, ಒಂದೇ ಲಿಫ್ಟು,
ಮೂರೂ ಕಡತದ ಮೇಲೆ ಒಂದೇ ಕ್ಯಾಂಟೀನಿನ ಕಾಫಿಯ ಕಲೆ.
ಒಂದರ ಮುಖ ಒಂದು ಕಂಡಿಲ್ಲ.

ಐದನೇ ಮಹಡಿಯ ಚೌಡಪ್ಪನವರು ಕೆಟ್ಟವರಲ್ಲ.
"ಕೊಡಬಾರದು ಅಂತ ರೂಲ್ ಇಲ್ಲಮ್ಮ,
ಕೊಡಬಹುದು ಅಂತಲೂ ಇಲ್ವಲ್ಲ."
ನನ್ನ ಅರ್ಜಿಯ ಅಂಚಿಗೆ 'ಚರ್ಚಿಸಿ' ಎಂದು ಬರೆದು ಕೆಳಗೆ ಕಳಿಸಿದರು.
ಕೆಳಗಿನವರು 'ಚರ್ಚಿಸಲಾಗಿದೆ' ಎಂದು ಮೇಲೆ ಕಳಿಸಿದರು.
ಯಾರೂ ಯಾರೊಡನೆಯೂ ಮಾತಾಡಿರಲಿಲ್ಲ.
ಜೂನಿನಲ್ಲೊಮ್ಮೆ ಅವರೇ ಕನ್ನಡಕ ತೆಗೆದು ಕೇಳಿದರು:
"ಇದನ್ನ ಹಿಡ್ಕೊಂಡು ಯಾರಾದ್ರೂ ಆ ಹುಡುಗಿ ಮನೆ ಬಾಗಿಲಿಗೆ ಹೋದ್ರೆ?
ಲೋನಿನವರು? ಗಂಡಿನ ಕಡೆಯವರು?"
ಉತ್ತರವಿತ್ತು ನನ್ನಲ್ಲಿ, ಹದಿನಾಲ್ಕು ಪುಟ.
ಆದರೂ ಮೆಟ್ಟಿಲಿಳಿಯುವಾಗ
ಆ ಪ್ರಶ್ನೆ ನನ್ನ ಜೊತೆಗೇ ಇಳಿಯಿತು.

ನಾಲ್ಕು ಮನೆಯ ಪಾತ್ರೆ ಮುಗಿಸಿ ಬಂದ ಸೆಲ್ವಿ,
ನಿಜದ ಸೆಲ್ವಿ, ಸೆರಗಿಗೆ ಕೈ ಒರೆಸುತ್ತ:
"ತಾಯಿ ಕಾರ್ಡು ಮನೆ ಒಡೆದ ದಿನ ಹೋಯ್ತು ಮೇಡಂ.
ಪಾಪು ಎಷ್ಟು ತೂಕ ಇತ್ತು ಅಂತ ನಿಮ್ಮ ಕಂಪ್ಯೂಟರಲ್ಲಿ ಇರತ್ತಲ್ಲ?
ಅವಳೇ ಕೇಳ್ತಾಳೆ ಈಗ.
ಒಂದು ಸೋರೆಕಾಯಿಯಷ್ಟು ಇದ್ದೆ ಅಂದ್ರೆ ನಗ್ತಾಳೆ."
ನೋಡ್ತೀನಿ ಅಂದೆ.
ಅನ್ನಬಾರದಿತ್ತು.

ಕೊನೆಗೂ ತೆರೆದ ಕೋಣೆಗೆ ಕಿಟಕಿಯಿಲ್ಲ.
ಫೋನು ಪೆಟ್ಟಿಗೆಗೆ, ಪೆನ್ನು ಪೆಟ್ಟಿಗೆಗೆ,
ಹಿಂಬದಿ ಖಾಲಿ ಇದೆಯೆಂದು ಬಸ್ ಟಿಕೇಟೂ ಪೆಟ್ಟಿಗೆಗೆ.
ಪರದೆಯಲ್ಲಿ ಸೆಲ್ವಿ ಇಲ್ಲ, ಶೆಲ್ವಿ ಇಲ್ಲ, ಚೆಲುವಿಯೂ ಇಲ್ಲ.
ಹೆಸರನ್ನೆಲ್ಲ ತೊಳೆದು
ಹದಿನಾರು ಅಕ್ಷರದ ಸಂಕೇತ ಕಟ್ಟಿದ್ದಾರೆ,
ಹಸುಗೂಸಿನ ಮಣಿಕಟ್ಟಿಗೆ ಕಟ್ಟುವ ಪಟ್ಟಿಯ ಹಾಗೆ.
ಮೊದಲ ಸಲ ಮೂರು ಮಹಡಿ ಒಂದೇ ಸಾಲಿನಲ್ಲಿ.
ಎದೆ ಹೊಡೆದುಕೊಂಡಿತು, ಸುಳ್ಳೇಕೆ.

೧೬೪೦ ಗ್ರಾಂ. ಏಳನೇ ಕ್ಲಾಸು. ಮುಂದೆ ಖಾಲಿ.
೧೪೧೦ ಗ್ರಾಂ. ಎಸ್ಸೆಸ್ಸೆಲ್ಸಿ, ಎರಡನೇ ಯತ್ನ.
೧೭೮೦. ಮೂರನೇ ಕ್ಲಾಸು. ಅಕ್ಕಿ ನಿಂತ ತಿಂಗಳೇ ಶಾಲೆಯೂ ನಿಂತಿದೆ.
(ಈ ಅಂಕಿಗಳೂ ನಿಜವಲ್ಲ. ಬದಲಿಸಿ ಬರೆದಿದ್ದೇನೆ.)
ಇವರಲ್ಲಿ ಯಾರೋ ಒಬ್ಬಳು ಸೋರೆಕಾಯಿ.
ಯಾರೆಂದು ತಿಳಿಯದ ಹಾಗೆ ಕಟ್ಟಿದ ಕೋಣೆಯಲ್ಲಿ ಕೂತಿದ್ದೇನೆ,
ಹಾಗೆ ಕಟ್ಟಿ ಎಂದವಳೂ ನಾನೇ.

ಸಂಜೆ ಕೋಷ್ಟಕ ಹೊರಗೊಯ್ಯುವ ಮುನ್ನ ತಪಾಸಣೆ.
ಕೊನೆಯ ಮನೆಯಲ್ಲೊಂದು ಸಣ್ಣ ಸಂಖ್ಯೆ ಇತ್ತು:
ಒಂದೂವರೆ ಕಿಲೋದೊಳಗೆ ಹುಟ್ಟಿ,
ಮೂರು ಸಲ ವಿಳಾಸ ಬದಲಿಸಿ,
ಕಾಲೇಜಿನ ಮೆಟ್ಟಿಲು ಹತ್ತಿದವರು.
ಹತ್ತಕ್ಕಿಂತ ಕಡಿಮೆ ಇದ್ದರೆ ಗುರುತು ಸಿಕ್ಕೀತು,
ಅದಕ್ಕೆ ಚುಕ್ಕಿ.
ಒಳ್ಳೆಯ ನಿಯಮ. ಚೌಡಪ್ಪನವರ ಪ್ರಶ್ನೆಗೆ ಇದೂ ಉತ್ತರ.
ಎಷ್ಟು ಜನವೆಂದು ಇಲ್ಲಿಯೂ ಹೇಳಲಾರೆ.
ಇದ್ದಾರೆ.

ಪೆನ್ನು, ಫೋನು, ಟಿಕೇಟು ಎಣಿಸಿ ಕೊಟ್ಟರು.
ಶಿವಾಜಿನಗರದಲ್ಲಿ ಇಳಿದು, ತಳ್ಳುಗಾಡಿಯಿಂದ
ಚಿಕ್ಕದೊಂದು ಸೋರೆಕಾಯಿ ಆರಿಸಿ ತೂಗಿಸಿದೆ.
"ಒಂದೂವರೆ ಮೇಲೆ ಚೂರು" ಅಂದ.
ತಕ್ಕಡಿಯಿಂದೆತ್ತಿ, ಎರಡೂ ಕೈಯಲ್ಲಿ ಹಿಡಿದು
ಸ್ವಲ್ಪ ಹೊತ್ತು ನಿಂತೆನೋ ಏನೋ.
"ಏನಕ್ಕಾ, ಬೇಕಾ,
ಇಲ್ಲಾ ಬರೀ ತೂಕ ನೋಡೋಕಾ?"